ವಾಚನದ ಹವ್ಯಾಸವು ಬೆಳೆಯುವ ಬಗೆ

ಮಾಜಿ ರಾಷ್ಟ್ರಪತಿ ಡಾ. ಎ. ಪಿ. ಜೆ. ಅಬ್ದುಲ ಕಲಾಮರ ಜನ್ಮದಿನವಾದ ಅಕ್ಟೋಬರ 15ನ್ನು ಮಹಾರಾಷ್ಟ್ರದ ಶಾಲೆಗಳಲ್ಲಿ 2015ರಿಂದ 'ವಾಚನ ಪ್ರೇರಣಾ ದಿನ'ವೆಂದು ಆಚರಿಸುತ್ತ ಬಂದಿದ್ದೇವೆ. ಅಂದು ಮೇಜಿನ ಮೇಲೆ ಪುಸ್ತಕಗಳನ್ನು ಹರವಿ, ಮಕ್ಕಳಿಂದ ಓದಿಸಿ ಸಂತೋಷಪಡುತ್ತೇವೆ. ಆದರೆ ಮರುದಿನವೇ ಆ ಪುಸ್ತಕಗಳು ಕಪಾಟನ್ನು ಸೇರಿದರೆ ಆ ಪ್ರೇರಣೆಯ ಫಲವೇನು? ಒಂದು ದಿನದ ಉತ್ಸವವು ಬಾಳಿನ ಹವ್ಯಾಸವಾಗುವುದೆಂತು? ಈ ವಿಷಯವನ್ನು ನಮ್ಮ ವಿದ್ಯಾರ್ಥಿಗಳೂ ಪಾಲಕರೂ ಕೂಡಿಯೇ ವಿಚಾರಿಸಬೇಕಾಗಿದೆ.

ವಾಚನವು ಮೊದಲು ಹುಟ್ಟುವುದು ಕಣ್ಣಿನಿಂದಲ್ಲ, ಕಿವಿಯಿಂದ. ಅಜ್ಜಿಯ ಬಾಯಿಂದ ಕಥೆ ಕೇಳಿ 'ಮುಂದೇನಾಯಿತು?' ಎಂದು ಕಾಡುವ ಮಗುವಿನಲ್ಲಿ ವಾಚಕನು ಆಗಲೇ ಎಚ್ಚತ್ತಿದ್ದಾನೆ. ಅನಂತರ ಅಕ್ಷರಾಭ್ಯಾಸದ ಕಾಲ ಬರುತ್ತದೆ. ಕಾಗುಣಿತ, ಒತ್ತಕ್ಷರಗಳನ್ನು ಗುರುತಿಸುವುದರಲ್ಲಿಯೇ ಮಗುವಿನ ಗಮನವೆಲ್ಲ ವೆಚ್ಚವಾಗುವುದರಿಂದ ಅರ್ಥದ ಕಡೆಗೆ ಹರಿಯಲು ಮನಸ್ಸಿಗೆ ಬಿಡುವೇ ಇರುವುದಿಲ್ಲ. ಓದಿ ಓದಿ ರೂಢಿಯಾದ ಮೇಲೆ ಶಬ್ದವನ್ನು ಬಿಡಿಸದೆ ಒಮ್ಮೆಲೇ ಗುರುತಿಸುವ ಶಕ್ತಿ ಬರುತ್ತದೆ. ಆಗಲೇ ಓದಿನ ರುಚಿ ಹತ್ತುವುದು. ಎಷ್ಟೋ ಮಕ್ಕಳು ಈ ರುಚಿ ಹತ್ತುವ ಮೊದಲೇ ಬೇಸತ್ತು ಪುಸ್ತಕವನ್ನು ಕೆಳಗಿಡುತ್ತಾರೆ. ಪಾಲಕರ ಆಧಾರವು ಅತ್ಯವಶ್ಯವಾದುದು ಇಲ್ಲಿಯೇ. ತಡವರಿಸಿದರೆ ನಗಬಾರದು, ಓದಿದ ಕಥೆಯನ್ನೇ ಮತ್ತೆ ಮತ್ತೆ ಓದಿದರೆ ತಡೆಯಬಾರದು. ಆ ಪುನರಾವೃತ್ತಿಯೇ ಅಭ್ಯಾಸದ ಮೂಲವು.

ಮುಂದಿನ ಮೆಟ್ಟಿಲು ಸ್ವಂತ ಆಯ್ಕೆ. ಕಥೆ ಕಾದಂಬರಿಗಳನ್ನು ಓದುವುದು ಕಾಲಹರಣವೆಂದು ತಿಳಿಯುವ ಹಿರಿಯರಿದ್ದಾರೆ. ಅವರು ಗಳಗನಾಥರನ್ನು ನೆನೆಯಬೇಕು. ವೃತ್ತಿಯಿಂದ ಶಿಕ್ಷಕರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಈ ಹೆಸರಿನಿಂದ ಕಾದಂಬರಿಗಳನ್ನು ಬರೆದು, ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರೂ ಅವರೇ. ಕಥೆಯ ಸವಿಯಿಂದಲೇ ಅವರು ಕನ್ನಡಿಗರಲ್ಲಿ ವಾಚನಾಭಿರುಚಿಯನ್ನು ಬೆಳೆಸಿದರು.

ಈ ಮಾತು ನಮ್ಮ ಜಯಸಿಂಗಪುರದ ಮಕ್ಕಳಿಗೆ ವಿಶೇಷವಾಗಿ ಸಲ್ಲುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಅಂಗಡಿಯ ಫಲಕ, ಬಸ್ಸಿನ ಹಲಗೆ ಎಲ್ಲವೂ ಮರಾಠಿಯೇ. ಇಲ್ಲಿಯ ಮಗುವಿನ ಕಣ್ಣಿಗೆ ಕನ್ನಡ ಅಕ್ಷರವು ಪಠ್ಯಪುಸ್ತಕದಲ್ಲಲ್ಲದೆ ಬೇರೆಡೆ ಬೀಳುವುದು ವಿರಳ. ಪರೀಕ್ಷೆ ಮುಗಿದೊಡನೆ ಕನ್ನಡದ ಓದೂ ಮುಗಿದರೆ ಆ ಭಾಷೆಯು ಅಡಿಗೆಮನೆಯ ಮಾತಾಗಿ ಮಾತ್ರ ಉಳಿದೀತು. ಹಾಗೆಂದು ಮರಾಠಿಯನ್ನು ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಎರಡು ಭಾಷೆಗಳನ್ನು ಓದಬಲ್ಲವನಿಗೆ ಎರಡು ಭಂಡಾರಗಳ ಬಾಗಿಲು ತೆರೆದಿರುತ್ತವೆ.

ಇದಕ್ಕೆ ಉದಾಹರಣೆಯನ್ನು ಹುಡುಕಲು ನಾವು ದೂರ ಹೋಗಬೇಕಾದುದಿಲ್ಲ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ 1930ರಿಂದ 1962ರ ವರೆಗೆ ಪ್ರಾಧ್ಯಾಪಕರಾಗಿದ್ದರು. ಕನ್ನಡ, ಮರಾಠಿ, ಸಂಸ್ಕೃತ, ಪ್ರಾಕೃತ, ಇಂಗ್ಲೀಷುಗಳಲ್ಲಿ ಅವರ ಓದು ಹರಡಿತ್ತು. ಪ್ರಾಕೃತದ 'ಪ್ರವಚನಸಾರ'ವನ್ನು 1935ರಲ್ಲಿಯೂ ಸಂಸ್ಕೃತದ 'ವರಾಂಗಚರಿತ'ವನ್ನು 1938ರಲ್ಲಿಯೂ ಅವರು ಸಂಪಾದಿಸಿ ಪ್ರಕಟಿಸಿದರು. ಮೂಡಬಿದಿರೆಯ ತಾಡವೋಲೆಗಳಲ್ಲಿ ಉಳಿದುಬಂದಿದ್ದ 'ಷಟ್ಖಂಡಾಗಮ'ವನ್ನು ಡಾ. ಹೀರಾಲಾಲ ಜೈನರು 1939ರಿಂದ ಪ್ರಕಟಿಸತೊಡಗಿದಾಗ ಆ ಕಾರ್ಯಕ್ಕೂ ಉಪಾಧ್ಯೆಯವರು ನೆರವಾದರು. ಆ ಓಲೆಗಳ ಭಾಷೆ ಪ್ರಾಕೃತ. ಲಿಪಿ ಮಾತ್ರ ಹಳಗನ್ನಡದ್ದು! ನಾವು ಒಂದನೆಯ ಇಯತ್ತೆಯಲ್ಲಿ ಕಲಿಯುವ ಅಕ್ಷರಗಳ ಪೂರ್ವರೂಪವೇ ಅಂಥ ನಿಧಿಯನ್ನು ಕಾಯ್ದುಕೊಂಡು ಬಂದಿತ್ತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉಪಾಧ್ಯೆಯವರು ಅಧ್ಯಕ್ಷರಾದರು.

ಇಂಥ ಓದಿನಿಂದ ಮನುಷ್ಯನಲ್ಲಿ ಯಾವ ಗುಣ ಬೆಳೆಯುತ್ತದೆ? ಗ್ರಂಥಸಂಪಾದಕನು ಒಂದು ಪ್ರತಿಯಲ್ಲಿಯ ಪಾಠವನ್ನು ಕಂಡೊಡನೆ ಒಪ್ಪುವುದಿಲ್ಲ. ಬೇರೆ ಪ್ರತಿಗಳೊಡನೆ ಹೋಲಿಸಿ ನೋಡಿ, ಬಳಿಕ ನಿರ್ಣಯಿಸುತ್ತಾನೆ. ಒಳ್ಳೆಯ ವಾಚಕನು ಬಾಳಿನಲ್ಲಿಯೂ ಹಾಗೆಯೇ ನಡೆಯುತ್ತಾನೆ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಕಂಡೊಡನೆ ನಂಬುವುದಿಲ್ಲ. ಎದುರಿನವನ ಮಾತನ್ನು ಪೂರ್ತಿ ಕೇಳದೆ ಕೆರಳುವುದಿಲ್ಲ. ತಾಳ್ಮೆ, ವಿವೇಕ, ಪರರ ಸುಖದುಃಖಗಳ ಅರಿವು—ಇವು ವಾಚನವು ಸದ್ದಿಲ್ಲದೆ ಕೊಡುವ ಸಂಸ್ಕಾರಗಳು.

ಸಮಯವಿಲ್ಲವೆಂಬುದು ಎಲ್ಲರ ದೂರು. ದಿನಕ್ಕೆ ಐದೇ ಪುಟ ಓದಿದರೂ ವರ್ಷಕ್ಕೆ 1,825 ಪುಟಗಳಾಗುತ್ತವೆ. ಎಂದರೆ ನೂರೈವತ್ತು ಪುಟಗಳ ಹನ್ನೆರಡು ಪುಸ್ತಕಗಳು. ಐದನೆಯ ಇಯತ್ತೆಯಲ್ಲಿ ಆರಂಭಿಸಿದ ಬಾಲಕನು ಕಾಲೇಜನ್ನು ಮುಗಿಸುವ ಹೊತ್ತಿಗೆ ನೂರಕ್ಕೂ ಹೆಚ್ಚು ಪುಸ್ತಕಗಳ ಒಡನಾಡಿಯಾಗಿರುತ್ತಾನೆ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮೊಬೈಲನ್ನು ಬದಿಗಿಟ್ಟು ಮಕ್ಕಳೊಡನೆ ಕುಳಿತುಕೊಳ್ಳಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಮಗುವು ಓದಲಿ, ನೀವು ಕೇಳಿರಿ. ತಾನು ಓದಿದುದನ್ನು ತಾಯಿತಂದೆಗಳು ಆಸ್ಥೆಯಿಂದ ಕೇಳುವರೆಂದು ತಿಳಿದ ಮಗುವು ಮರುದಿನ ತಾನಾಗಿಯೇ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತದೆ. ವಿದ್ಯಾರ್ಥಿಗಳೇ, ಈ ವಾರ್ಷಿಕಾಂಕವನ್ನು ಮನೆಗೆ ಒಯ್ದು, ನಿಮಗೆ ಮೆಚ್ಚಿದ ಒಂದು ಲೇಖನವನ್ನು ಇಂದು ರಾತ್ರಿಯೇ ಮನೆಯವರಿಗೆ ಓದಿ ಹೇಳಿರಿ. ಆರಂಭಕ್ಕೆ ಅಷ್ಟು ಸಾಕು.