ಹೊಸಬರಿಗೆ ಹನ್ನೊಂದು ಮೆಟ್ಟಿಲು

ಯಾವ ಸಂಘಕ್ಕೇ ಆಗಲಿ, ಹೊಸಬರು ಬಂದು ಸೇರುವುದು ಸಂತೋಷದ ಸಂಗತಿ. ಹೊಸ ನೀರು ಬಾರದ ಕೆರೆ ಬತ್ತಿಹೋಗುವುದು ತಾನೆ? ಆದರೆ ಹೊಸ ನೀರಿನೊಡನೆ ಕಸಕಡ್ಡಿಯೂ ಹರಿದು ಬರುವುದುಂಟು. ನಿಯಮವನ್ನು ಅರಿಯದೆ ಮುರಿಯುವವರು ಕೆಲವರು. ಅರಿತೂ ಮುರಿಯುವವರು ಕೆಲವರು. ಬೇಡದ ಮಾತನ್ನಾಡಿ ನೆರೆದವರ ತಲೆ ಚಿಟ್ಟು ಹಿಡಿಸುವವರು ಇನ್ನು ಕೆಲವರು. ಬಾಗಿಲು ಮುಚ್ಚಿದರೆ ಸಂಘ ಬೆಳೆಯದು. ಹಾರುಹೊಡೆದು ಬಿಟ್ಟರೆ ನಿಯಮ ಉಳಿಯದು. ಮಹಿಳಾ ಸಮಾಜದಿಂದ ಸಹಕಾರ ಸಂಘದವರೆಗೆ ಎಲ್ಲರನ್ನೂ ಕಾಡುವ ಈ ತೊಡಕಿಗೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಬಹು ಹಳೆಯದೊಂದು ಪರಿಹಾರ ಇಂದಿಗೂ ಬಳಕೆಯಲ್ಲಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಕ್ಕಲುತನ ಮಾಡುವ ಜೈನ ಮನೆತನಗಳು ಅನೇಕ. ದಿಗಂಬರ ಮುನಿಸಂಘಕ್ಕೆ ಈ ಸೀಮೆ ಕೊಟ್ಟ ಕಾಣಿಕೆ ಸಾಮಾನ್ಯವಾದುದಲ್ಲ. ಭೋಜದಿಂದ ಶಾಂತಿಸಾಗರರು, ಕೋಥಳಿಯಿಂದ ದೇಶಭೂಷಣರು, ಶೇಡಬಾಳದಿಂದ ವಿದ್ಯಾನಂದರು, ಸದಲಗಾದಿಂದ ವಿದ್ಯಾಸಾಗರರು—ಹೀಗೆ ನಾಲ್ವರು ಹೆಸರಾಂತ ಆಚಾರ್ಯರು ಇಲ್ಲಿನ ಮಣ್ಣಿನವರು. ಸಂಘಕ್ಕೆ ಹೊಸಬನನ್ನು ಹೇಗೆ ಸೇರಿಸಿಕೊಳ್ಳಬೇಕು, ಸೇರಿದವನು ತಪ್ಪಿದರೆ ಏನು ಮಾಡಬೇಕು ಎಂಬುದಕ್ಕೆ ಇವರ ಬಾಳೇ ನಿದರ್ಶನ.

ಮುನಿಯಾಗಬೇಕೆಂದು ಬಂದವನಿಗೆ ಸಾಮಾನ್ಯವಾಗಿ ಒಮ್ಮೆಗೇ ಆ ಪದವಿ ದೊರೆಯದು. ಗೃಹಸ್ಥನಿಗೆಂದೇ ಹನ್ನೊಂದು ಮೆಟ್ಟಿಲುಗಳಿವೆ; ಇವಕ್ಕೆ ಪ್ರತಿಮೆಗಳೆಂದು ಹೆಸರು. ಒಂದೊಂದು ಮೆಟ್ಟಿಲಿಗೂ ಒಂದೊಂದು ಹೆಚ್ಚಿನ ವ್ರತ. ಹನ್ನೊಂದನೆಯದರಲ್ಲಿ ನಿಂತವನು ಕ್ಷುಲ್ಲಕ. ಕೌಪೀನವೂ ಒಂದು ತುಂಡು ಬಟ್ಟೆಯೂ ಅವನ ಉಡುಗೆ. ಆ ತುಂಡನ್ನೂ ಬಿಟ್ಟರೆ ಐಲಕ. ಅದರಾಚೆಗೆ ಮುನಿ, ಆತನು ಪಾಲಿಸಬೇಕಾದ ಮೂಲಗುಣಗಳು ೨೮. ಹೊಣೆಯನ್ನು ಹೊರಬಲ್ಲನೆಂದು ಕಂಡ ಮೇಲೆಯೇ ಮುಂದಿನ ಹೊರೆ. ಶೇಡಬಾಳದಲ್ಲಿ ೧೯೨೫ರಲ್ಲಿ ಹುಟ್ಟಿದ ವಿದ್ಯಾನಂದರು ೧೯೪೬ರಲ್ಲಿ ಕ್ಷುಲ್ಲಕರಾದರು. ದೆಹಲಿಯಲ್ಲಿ ದೇಶಭೂಷಣರ ಕೈಯಿಂದ ಮುನಿದೀಕ್ಷೆ ಪಡೆದುದು ೧೯೬೩ರಲ್ಲಿ. ನಡುವೆ ಕಳೆದದ್ದು ಹದಿನೇಳು ವರ್ಷ!

ಆ ಇಪ್ಪತ್ತೆಂಟು ಗುಣಗಳಲ್ಲಿ ಭಾಷಾಸಮಿತಿಯೆಂಬುದೊಂದು. ಆಡುವ ಮಾತು ಹಿತವಾಗಿರಬೇಕು, ಮಿತವಾಗಿರಬೇಕು, ಸಂದೇಹಕ್ಕೆಡೆಯಿಲ್ಲದಂತಿರಬೇಕು ಎಂಬುದೇ ಅದರ ಸಾರ. ಬೇಡದ ಮಾತಿನಿಂದ ನೆರೆದವರನ್ನು ದಣಿಸುವುದೂ ನಿಯಮಭಂಗವೇ ಎಂದು ಹಿರಿಯರು ಎಷ್ಟು ಹಿಂದೆಯೇ ಕಂಡುಕೊಂಡಿದ್ದರು ನೋಡಿ!

ಇಷ್ಟಾದರೂ ತಪ್ಪು ನಡೆಯದಿರದು, ಮನುಷ್ಯರಲ್ಲವೆ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಹೇಳುತ್ತದೆ. ಮೊದಲನೆಯದು ಆಲೋಚನೆ—ತನ್ನ ತಪ್ಪನ್ನು ಗುರುವಿನೆದುರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು. ತಪ್ಪು ದೊಡ್ಡದಾದಂತೆ ಪ್ರಾಯಶ್ಚಿತ್ತವೂ ಬಿಗಿಯಾಗುತ್ತದೆ. ಏಳನೆಯದಾದ ಛೇದದಲ್ಲಿ ದೀಕ್ಷೆಯ ವಯಸ್ಸಿನಿಂದ ಇಷ್ಟು ಕಾಲವೆಂದು ಕಡಿದುಬಿಡುತ್ತಾರೆ. ನಿನ್ನೆ ತನಗಿಂತ ಕಿರಿಯರಾಗಿದ್ದವರಿಗೆ ಇಂದು ತಾನೇ ವಂದಿಸಬೇಕು. ಎಂಟನೆಯದು ಪರಿಹಾರ, ಗೊತ್ತುಪಡಿಸಿದ ಅವಧಿಯವರೆಗೆ ಸಂಘದಿಂದ ದೂರವಿಡುವುದು. ಅಲ್ಲಿಗೆ ಕಥೆ ಮುಗಿಯಿತೆನ್ನುವಿರೇನೋ! ಇಲ್ಲ, ಒಂಬತ್ತನೆಯದು ಉಪಸ್ಥಾಪನೆ. ಮೊದಲಿನಿಂದ ಮತ್ತೆ ದೀಕ್ಷೆ. ಹೊರಗೆ ಹಾಕುವುದಕ್ಕಿಂತ ಮರಳಿ ಕರೆದುಕೊಳ್ಳುವುದನ್ನೇ ಕೊನೆಯ ವಿಧಿಯಾಗಿಸಿದ ಶಾಸ್ತ್ರವಿದು.

ಆದರೆ ಹಳಬರೇ ನಿಯಮವನ್ನು ಸಡಿಲಿಸಿಕೊಂಡರೆ ಹೊಸಬನನ್ನು ತಿದ್ದುವವರು ಯಾರು? ಭೋಜದ ಕಥೆ ಇಲ್ಲಿಯೇ ಪ್ರಾರಂಭವಾಗುತ್ತದೆ. ವೇದಗಂಗೆ ದೂಧಗಂಗೆಗಳು ಕೂಡುವ ಎಡೆಯ ಆ ಊರಿನ ಪಾಟೀಲರ ಮನೆಯ ಸಾತಗೌಡರು ಹುಟ್ಟಿದುದು ೧೮೭೨ರಲ್ಲಿ. ತಂದೆತಾಯಿಗಳು ತೀರಿಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ದೇವಪ್ಪಸ್ವಾಮಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಆ ಕಾಲಕ್ಕೆ ಈ ಭಾಗದಲ್ಲಿ ವ್ರತಿಗಳ ಸಂಖ್ಯೆ ತೀರ ಕಡಿಮೆ. ಇದ್ದವರ ಆಚಾರವೂ ಹಲವೆಡೆ ಸಡಿಲಾಗಿತ್ತು. ಸ್ವಾಮಿಗಳ ಊಟ ಇಂದು ಯಾರ ಮನೆಯಲ್ಲಿ ಎಂಬುದನ್ನು ಬಸದಿಯ ಉಪಾಧ್ಯೆಗಳು ಮೊದಲೇ ಗೊತ್ತುಮಾಡುತ್ತಿದ್ದರು; ಮುನಿಗಳು ಮೈಗೆ ಬಟ್ಟೆ ಹೊದ್ದು ಆ ಮನೆಗೆ ಹೋಗಿ ಬರುತ್ತಿದ್ದರು.

ಹನ್ನೊಂದನೆಯ ಪ್ರತಿಮೆಯ ಹೆಸರೇ ಉದ್ದಿಷ್ಟತ್ಯಾಗ; ತನಗಾಗಿಯೇ ಮಾಡಿಸಿದ ಅಡಿಗೆಯನ್ನು ಒಲ್ಲೆನೆನ್ನುವುದು. ಹೊಸ ಕ್ಷುಲ್ಲಕರು ಶಾಸ್ತ್ರವನ್ನೋದಿದ್ದರು. ಕರೆದ ಮನೆಗೆ ಹೋಗುವುದಿಲ್ಲವೆಂದು ನಿಂತುಬಿಟ್ಟರು. ಹೊಸಬನೊಬ್ಬ ರೂಢಿಯನ್ನು ಮುರಿದಂತಾಯಿತು. ಆದರೆ ಮುರಿದದ್ದು ರೂಢಿಯನ್ನು, ಉಳಿಸಿದ್ದು ನಿಯಮವನ್ನು. ಅವರು ಯಾರನ್ನೂ ಬಯ್ಯಲು ಹೋಗಲಿಲ್ಲ. ತಾವು ನಡೆದು ತೋರಿಸಿದರು. ೧೯೨೦ರ ಸುಮಾರಿಗೆ ಅವರು ಮುನಿಯಾಗಿ ಶಾಂತಿಸಾಗರರಾದರು, ೧೯೨೪ರಲ್ಲಿ ಆಚಾರ್ಯರಾದರು. ೧೯೫೫ರ ಸೆಪ್ಟೆಂಬರ್ ೧೮ರಂದು ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಾಗ, ದೇಶದ ದಿಗಂಬರ ಮುನಿಗಳಲ್ಲಿ ಬಹುಮಂದಿ ಅವರ ಪರಂಪರೆಯನ್ನೇ ಹಿಡಿದು ನಡೆಯುತ್ತಿದ್ದರು.

ಮೆಟ್ಟಿಲುಗಳನ್ನು ಒಮ್ಮೆಗೇ ಹಾರಿದವರೂ ಉಂಟು. ಸದಲಗಾದ ವಿದ್ಯಾಧರ ಎಂಬ ತರುಣನಿಗೆ ೧೯೬೮ರ ಜೂನ್ ೩೦ರಂದು ಅಜಮೇರದಲ್ಲಿ ಜ್ಞಾನಸಾಗರರು ನೇರವಾಗಿ ಮುನಿದೀಕ್ಷೆಯನ್ನೇ ಕೊಟ್ಟರು. ಆತನಿಗೆ ಆಗಿನ್ನೂ ಇಪ್ಪತ್ತೊಂದು ವರ್ಷ. ಹಾಗೆಂದು ಕಾವಲು ತಪ್ಪಲಿಲ್ಲ. ವೃದ್ಧ ಗುರು ಎದುರಿಗೆ ಕೂಡಿಸಿಕೊಂಡು ಸಂಸ್ಕೃತವನ್ನೂ ಶಾಸ್ತ್ರಗಳನ್ನೂ ಕಲಿಸಿದರು. ಹೊಸಬನಿಗೆ ಮೆಟ್ಟಿಲಿಲ್ಲದಿದ್ದಲ್ಲಿ ಹಿರಿಯನೇ ಮೆಟ್ಟಿಲಾಗಬೇಕಾಯಿತು.

ಅದರ ಫಲ ಕಂಡುದು ೧೯೭೨ರ ನವೆಂಬರ್ ೨೨ರಂದು, ರಾಜಸ್ಥಾನದ ನಸೀರಾಬಾದಿನಲ್ಲಿ. ಜ್ಞಾನಸಾಗರರು ತಮ್ಮ ಆಚಾರ್ಯಪದವನ್ನು ಶಿಷ್ಯ ವಿದ್ಯಾಸಾಗರರಿಗೆ ಬಿಟ್ಟುಕೊಟ್ಟರು. ಸಲ್ಲೇಖನಕ್ಕೆ ಆಚಾರ್ಯರ ಅಪ್ಪಣೆ ಬೇಕಷ್ಟೆ? ಆ ಅಪ್ಪಣೆಗಾಗಿ, ನಾಲ್ಕು ವರ್ಷದ ಹಿಂದೆ ತಾವೇ ಸೇರಿಸಿಕೊಂಡಿದ್ದ ಆ ಸದಲಗಾದ ಹುಡುಗನೆದುರು ಕೆಳಗಿನ ಆಸನದಲ್ಲಿ ಕುಳಿತು ಕೈಮುಗಿದರು.