ಹಿಮದ ಮೇಲೆ ನಡೆಯೋಣ ಬನ್ನಿ

ಸ್ಕೀಯಿಂಗ್ ಎಂದ ಕೂಡಲೇ ನಮ್ಮ ಕಣ್ಮುಂದೆ ಬರುವ ಚಿತ್ರ ಒಂದೇ. ಬೆಟ್ಟದ ತುದಿಯಿಂದ ಸುಂಯ್ ಎಂದು ಜಾರಿ ಬರುವ ಬಣ್ಣಬಣ್ಣದ ಜಾಕೆಟ್‌ನವರು! ಅದಕ್ಕೆ ಗೊಂಡೋಲಾ ಟಿಕೆಟ್ ಬೇಕು, ದುಬಾರಿ ಬೂಟು ಬೇಕು, ಗಟ್ಟಿ ಗುಂಡಿಗೆಯೂ ಬೇಕು. ಕೋಚಿಂಗ್ ಫೀಸು ಹೊಂದಿಸಲೇ ಒದ್ದಾಡುವ ವಯಸ್ಸಿನಲ್ಲಿ ಅದೆಲ್ಲ ದೂರದ ಬೆಟ್ಟವೇ ಸರಿ. ಆದರೆ ಹಿಮದಲ್ಲಿ ಜಾರುವುದಕ್ಕಿಂತ ಹೆಚ್ಚಾಗಿ ನಡೆಯುವ ಎರಡು ಆಟಗಳಿವೆ. ಕ್ರಾಸ್ ಕಂಟ್ರಿ ಸ್ಕೀಯಿಂಗ್ ಮತ್ತು ಸ್ನೋಶೂಯಿಂಗ್. ಕುಮಾರಪರ್ವತ ಹತ್ತಿಳಿದ ಕಾಲುಗಳಿಗೆ ಇವೆರಡೂ ಹೇಳಿ ಮಾಡಿಸಿದಂಥವು. ಎರಡು ಚಳಿಗಾಲ ಹಿಮಾಲಯದ ತಪ್ಪಲಲ್ಲಿ ಓಡಾಡಿದ ಮೇಲೆ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಏನಿದರ ಗುಟ್ಟು?

ಸಾಮಾನ್ಯ ಸ್ಕೀಯಲ್ಲಿ ಹಿಮ್ಮಡಿಯನ್ನೂ ಬಿಗಿದಿರುತ್ತಾರೆ. ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಬೆರಳಿನ ಕಡೆ ಮಾತ್ರ ಬಿಗಿತ, ಹಿಮ್ಮಡಿಗೆ ಸ್ವಾತಂತ್ರ್ಯ. ಪಟ್ಟಿ ತೆಳು, ಹಗುರ. ಹಾಗಾಗಿ ಸಮತಟ್ಟು ನೆಲದಲ್ಲಿ ಒಂದು ಕಾಲು ಒದ್ದು, ಇನ್ನೊಂದರ ಮೇಲೆ ತೇಲುತ್ತಾ ಸಾಗಬಹುದು, ಏರನ್ನೂ ಹತ್ತಬಹುದು. ಇದರಲ್ಲೂ ಎರಡು ಬಗೆ. ನೇರ ಗೆರೆಯಲ್ಲಿ ಹೆಜ್ಜೆ ಹಾಕುವುದು ಕ್ಲಾಸಿಕ್, ಸ್ಕೇಟಿಂಗ್‌ನಂತೆ ಪಕ್ಕಕ್ಕೆ ತಳ್ಳುವುದು ಫ್ರೀಸ್ಟೈಲ್. ಚಿಕ್ಕಂದಿನಲ್ಲಿ ರೋಲರ್ ಸ್ಕೇಟಿಂಗ್ ಕಲಿತವರಿಗೆ ಎರಡನೆಯದು ಬೇಗ ಒಗ್ಗುತ್ತದೆ.

ಸ್ನೋಶೂ ಇನ್ನೂ ಸರಳ. ಟೆನಿಸ್ ರ್‍ಯಾಕೆಟ್ ಆಕಾರದ ಚೌಕಟ್ಟನ್ನು ನಿಮ್ಮ ಟ್ರೆಕ್ಕಿಂಗ್ ಬೂಟಿಗೇ ಕಟ್ಟಿಕೊಳ್ಳುವುದು, ಅಷ್ಟೆ. ದೇಹದ ಭಾರ ಅಗಲಕ್ಕೆ ಹರಡುವುದರಿಂದ ಮೊಣಕಾಲವರೆಗೆ ಹೂತುಹೋಗಬೇಕಾದ ಹಿಮದಲ್ಲೂ ಪಾದ ಮೇಲೆಯೇ ನಿಲ್ಲುತ್ತದೆ. ಕಲಿಯಲು ಅರ್ಧ ಗಂಟೆ ಸಾಕು. ಮೊದಲ ಹತ್ತು ನಿಮಿಷ ಬಾತುಕೋಳಿಯಂತೆ ನಡೆಯುತ್ತೀರಿ, ನಂತರ ಅದು ಮರೆತೇಹೋಗುತ್ತದೆ.

ಎಲ್ಲಿಗೆ ಹೋಗಬಹುದು?

ಮೊದಲ ಸಲದವರಿಗೆ ನನ್ನ ಓಟು ಹಿಮಾಚಲದ ನಾರ್ಕಂಡಕ್ಕೆ. ಶಿಮ್ಲಾದಿಂದ ಸುಮಾರು 60 ಕಿ.ಮೀ., ಎತ್ತರ 2,700 ಮೀಟರ್ ಆಸುಪಾಸು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಕಾಲ್ಕಾ, ಆಮೇಲೆ ಆಟಿಕೆ ರೈಲು, ಕೊನೆಗೆ ಸರ್ಕಾರಿ ಬಸ್ಸು. ಸ್ಲೀಪರ್ ಟಿಕೆಟ್‌ನಲ್ಲೇ ಪ್ರಯಾಣ ಮುಗಿಯುತ್ತದೆ. ಇಲ್ಲಿಂದ ಹಾಟು ಶಿಖರಕ್ಕೆ ಹೋಗುವ ಕಿರಿದಾದ ರಸ್ತೆ ಹಿಮ ಬಿದ್ದರೆ ವಾಹನಗಳಿಗೆ ಬಂದ್. ಸ್ನೋಶೂ ಕಟ್ಟಿದವರಿಗೆ ಆಗಲೇ ಅದು ತೆರೆಯುವುದು! ದೇವದಾರು ಮರಗಳ ನಡುವೆ ನಿಮ್ಮ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳದು. ಸುಮಾರು 3,400 ಮೀಟರ್ ಎತ್ತರದ ತುದಿಯಲ್ಲಿ ಮರದ ಕೆತ್ತನೆಯ ಹಾಟು ದೇವಿಯ ಗುಡಿಯಿದೆ.

ಮನಾಲಿ ಎಂದರೆ ಎಲ್ಲರೂ ಸೋಲಂಗ್‌ಗೆ ಮುಗಿಬೀಳುತ್ತಾರೆ. ಗದ್ದಲ ಬೇಡವೆನ್ನುವವರು ಹಮ್ಟಾ ಕಣಿವೆಯ ಸೇಥನ್ ಹಳ್ಳಿಗೆ ಹೋಗಿ. ಹೋಂಸ್ಟೇಗಳಿವೆ, ಸ್ನೋಶೂ ಬಾಡಿಗೆಗೆ ಸಿಗುತ್ತದೆ, ದಾರಿ ತೋರಿಸಲು ಹಳ್ಳಿಯ ಹುಡುಗರೇ ಬರುತ್ತಾರೆ. 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಹಿಂದೆ ಚಳಿಗಾಲವಿಡೀ ಹೊರಜಗತ್ತಿನಿಂದ ದೂರವೇ ಉಳಿಯುತ್ತಿದ್ದ ಲಾಹೌಲ್‌ನ ಸಿಸ್ಸು ಕೂಡ ಕೈಗೆಟುಕುತ್ತಿದೆ.

ಉತ್ತರಾಖಂಡದ ಔಲಿ 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ಕಂಡ ಜಾಗ. ಅದರ ಮೇಲಿನ ಗೋರ್ಸನ್ ಬುಗ್ಯಾಲ್ ಎಂಬ ಹುಲ್ಲುಗಾವಲು ಹಿಮ ಹೊದ್ದಾಗ ಕ್ರಾಸ್ ಕಂಟ್ರಿಗೆ ಪ್ರಶಸ್ತ, ಎದುರಿಗೆ ನಂದಾದೇವಿ. ಕೆಳಗಿನ ಜೋಶಿಮಠದಲ್ಲಿ 2023ರ ಆರಂಭದಲ್ಲಿ ನೆಲ ಕುಸಿದು, ಮನೆಗಳು ಬಿರುಕುಬಿಟ್ಟು, ರೋಪ್‌ವೇ ನಿಂತಿತು. ನಾನು ಮೇಲೇರಿದ್ದು ರಸ್ತೆಯಲ್ಲೇ. ಬಿರುಕು ಬಿಟ್ಟ ಗೋಡೆಗಳ ಪಕ್ಕದಲ್ಲೇ ಸಾಗುವಾಗ, ನಮ್ಮ ಪ್ರವಾಸದ ಭಾರವನ್ನೂ ಈ ಬೆಟ್ಟವೇ ಹೊರಬೇಕಲ್ಲ ಅನ್ನಿಸುತ್ತದೆ.

ಇನ್ನು ಕಾಶ್ಮೀರದ ಗುಲ್ಮಾರ್ಗ್. ದೇಶದ ಸ್ಕೀ ರಾಜಧಾನಿ. ಗೊಂಡೋಲಾ ಏರದೆಯೂ 2,650 ಮೀಟರ್ ಎತ್ತರದ ಬಟ್ಟಲಿನಂಥ ಬಯಲಿನಲ್ಲಿ ದಿನವಿಡೀ ತೇಲಾಡಬಹುದು.

ನಮ್ಮವಳೂ ಇದ್ದಾಳೆ

ಹಿಮವೇ ಬೀಳದ ನಾಡಿನವರು ಇದನ್ನೆಲ್ಲ ಕಲಿತು ಏನು ಮಾಡುವುದು ಎನ್ನುತ್ತೀರಾ? ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹೆಸರು ಕೇಳಿ. ಕ್ರಾಸ್ ಕಂಟ್ರಿ ಅವರ ಆಟ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಹಿಮವಿಲ್ಲದ ತಿಂಗಳುಗಳಲ್ಲಿ ಡಾಂಬರು ರಸ್ತೆಯ ಮೇಲೆಯೇ ಚಕ್ರದ ರೋಲರ್ ಸ್ಕೀಯಲ್ಲಿ ತಯಾರಿ ನಡೆಸುವುದು ಈ ಆಟದ ಎಲ್ಲ ಕಡೆಯ ರೂಢಿ. ಊರಿನ ಹವಾಮಾನ ನೆಪವಾಗಬೇಕಿಲ್ಲ.

ಕಲಿಕೆಗೆ ಸರ್ಕಾರಿ ಸಂಸ್ಥೆಗಳೇ ಇವೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಔಲಿಯಲ್ಲಿ ಗಢ್‌ವಾಲ್ ಮಂಡಲ್ ವಿಕಾಸ್ ನಿಗಮ. ಹೆಚ್ಚಿನವು ಹೇಳಿಕೊಡುವುದು ಇಳಿಜಾರಿನ ಸ್ಕೀಯಿಂಗ್. ಆದರೆ ಸಮತೋಲನ, ಬೀಳುವುದು, ಏಳುವುದು ಎಲ್ಲಕ್ಕೂ ಅದೇ ಅಡಿಪಾಯ. ಕ್ರಾಸ್ ಕಂಟ್ರಿ ಕಲಿಸುತ್ತಾರೆಯೇ, ಊಟ, ವಸತಿ, ಸಲಕರಣೆ ಶುಲ್ಕದಲ್ಲೇ ಸೇರಿದೆಯೇ ಎಂದು ಮೊದಲೇ ಫೋನಾಯಿಸಿ ಕೇಳಿ. ವೈದ್ಯಕೀಯ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ. ಟ್ರೆಕ್ ಗೈಡ್, ಹೊರಾಂಗಣ ತರಬೇತುದಾರ ಆಗುವ ಆಸೆಯಿದ್ದವರಿಗೆ ಇಂಥ ಪ್ರಮಾಣಪತ್ರ ಒಂದು ಮೆಟ್ಟಿಲು. ಅದೊಂದರಿಂದಲೇ ಕೆಲಸ ಸಿಗುತ್ತದೆಂದು ಮಾತ್ರ ಯಾರೂ ನಂಬಬೇಡಿ.

ಬೆಟ್ಟದ ಮಾತು ಕೇಳಿ

ಹಿಮ ಚೆಂದ, ಆದರೆ ಮುಗ್ಧವಲ್ಲ. ಹೆಚ್ಚಿನ ಹಿಮಪಾತಗಳು ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. 2024ರ ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಹಿಮ ಕುಸಿದು ವಿದೇಶಿ ಸ್ಕೀಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಸ್ಥಳೀಯ ಗೈಡ್ ಇಲ್ಲದೆ ಕಡಿದಾದ ಕಡೆ ಹೋಗಬೇಡಿ, ಹಿಮ ಬಿದ್ದ ಮರುದಿನವಂತೂ ಬೇಡವೇ ಬೇಡ. ಜೀನ್ಸ್, ಹತ್ತಿ ಬಟ್ಟೆ ಒದ್ದೆಯಾದರೆ ಒಣಗದು, ಉಣ್ಣೆಯ ಪದರಗಳಿರಲಿ. ತಂಪು ಕನ್ನಡಕ ಶೋಕಿಗಲ್ಲ, ಕಣ್ಣು ಉಳಿಸಿಕೊಳ್ಳಲು.

ಅದಕ್ಕಿಂತ ದೊಡ್ಡ ಚಿಂತೆ ಹಿಮವೇ ಬೀಳದಿರುವುದು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಕಂದು ಹುಲ್ಲಿನ ಬಯಲಾಗಿತ್ತು. 2025ರ ಫೆಬ್ರುವರಿಯ ಖೇಲೋ ಇಂಡಿಯಾ ಕೂಟ ಹಿಮದ ಕೊರತೆಯಿಂದ ಮಾರ್ಚ್‌ಗೆ ಹೋಯಿತು. ನಾರ್ಕಂಡದಲ್ಲಿ ನಾನು ಮಾತನಾಡಿಸಿದ ಬಾಡಿಗೆ ಅಂಗಡಿಯ ಯುವಕ ನನ್ನದೇ ವಯಸ್ಸಿನವನು. ‘ಹಿಮ ಬಿದ್ದರೆ ಸೀಸನ್, ಇಲ್ಲದಿದ್ದರೆ ಚಂಡೀಗಢದಲ್ಲಿ ಡೆಲಿವರಿ ಕೆಲಸ’ ಎಂದ. ಅವನ ಮನೆಯ ಸೇಬಿನ ಮರಗಳಿಗೂ ಆ ಚಳಿಯೇ ಬೇಕು. ನಮಗೆ ಒಂದು ವಾರದ ಖುಷಿ, ಅವನಿಗೆ ಇಡೀ ವರ್ಷದ ಲೆಕ್ಕ.

ಆದ್ದರಿಂದ ಹೊರಡುವ ಮುನ್ನ ದಿನಾಂಕಕ್ಕಿಂತ ಹವಾಮಾನ ವರದಿ ನೋಡಿ. ಜನವರಿ ಕೊನೆಯಿಂದ ಫೆಬ್ರುವರಿ ಸಾಮಾನ್ಯವಾಗಿ ಒಳ್ಳೆಯ ಕಾಲ. ದೊಡ್ಡ ರೆಸಾರ್ಟ್ ಬಿಟ್ಟು ಹಳ್ಳಿಯ ಮನೆಯಲ್ಲಿ ಉಳಿಯಿರಿ, ಸ್ಕೀಯನ್ನೂ ಗೈಡನ್ನೂ ಅಲ್ಲಿಂದಲೇ ಪಡೆಯಿರಿ. ಹಿಮ ಸಿಗದಿದ್ದರೆ ಅದೇ ದಾರಿಯಲ್ಲಿ ಬೂಟು ಹಾಕಿ ನಡೆಯಿರಿ, ಗೈಡ್‌ನ ಕೂಲಿ ಮಾತ್ರ ಕಡಿಮೆ ಮಾಡಬೇಡಿ.