ಹಲವು ಭಾಷೆಗಳಿಗೆ ಒಂದೇ ಬಿಲ್ಡ್ ಪೈಪ್‌ಲೈನ್: ನಕಲು ಮತ್ತು ಉಲ್ಲೇಖ

ಸಣ್ಣ ಭಾಷೆಯೊಂದಕ್ಕೆ ಕಾಗುಣಿತ ಪರೀಕ್ಷಕವನ್ನು ರಚಿಸುವ ಕೆಲಸ ಪದಕೋಶ ಹಾಗೂ ವ್ಯಾಕರಣ ನಿಯಮಗಳೊಂದಿಗೆ ಮುಗಿಯುವುದಿಲ್ಲ. ಪ್ರತಿ ತಿದ್ದುಪಡಿಯ ಬಳಿಕವೂ ಮೂಲಕಡತಗಳನ್ನು ಕಂಪೈಲ್ ಮಾಡಬೇಕು, ಪರೀಕ್ಷಿಸಬೇಕು, ಬಳಕೆದಾರರಿಗೆ ತಲುಪುವಂತೆ ಪ್ಯಾಕೇಜ್ ಮಾಡಬೇಕು. ಈ ಹಂತಗಳನ್ನು ಯಂತ್ರವೇ ಸಾಲಾಗಿ ನಡೆಸುವ ವ್ಯವಸ್ಥೆಗೆ ಬಿಲ್ಡ್ ಪೈಪ್‌ಲೈನ್ ಎಂದೂ, ಹಂತಗಳನ್ನು ವಿಧಿಸುವ ಕಡತಗಳಿಗೆ ಕಾನ್ಫಿಗರೇಶನ್ ಎಂದೂ ಹೆಸರು.

ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯದಲ್ಲಿ ಸಾಮಿ ಭಾಷೆಗಳಿಗಾಗಿ ರೂಪುಗೊಂಡ ಗಿಯೆಲ್ಲಾ-ಎಲ್‌ಟಿ ವ್ಯವಸ್ಥೆ ಇಂದು ನೂರಕ್ಕೂ ಹೆಚ್ಚು ಭಾಷೆಗಳನ್ನು ಒಳಗೊಂಡಿದೆ. ಪ್ರತಿ ಭಾಷೆಗೂ ಪ್ರತ್ಯೇಕ ರೆಪೊಸಿಟರಿ ಇದೆ. ಕಾನ್ಫಿಗರೇಶನ್ನನ್ನು ಒಂದರಿಂದ ಇನ್ನೊಂದಕ್ಕೆ ನಕಲು ಮಾಡುತ್ತ ಹೋದರೆ ಏನಾಗುವುದೆಂಬುದು ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸತಲ್ಲ. ಒಂದು ಪ್ರತಿಯಲ್ಲಿ ತಿದ್ದಿದ ದೋಷ ಮತ್ತೊಂದರಲ್ಲಿ ಹಾಗೆಯೇ ಉಳಿಯುತ್ತದೆ, ಪಾಠಾಂತರಗಳು ಬೆಳೆಯುತ್ತವೆ, ಯಾವ ವ್ಯತ್ಯಾಸ ಉದ್ದೇಶಪೂರ್ವಕ, ಯಾವುದು ಆಕಸ್ಮಿಕ ಎಂದು ಹೇಳುವುದೇ ಕಷ್ಟವಾಗುತ್ತದೆ.

ಟ್ರೊಮ್ಸೊದವರು ಕಂಡುಕೊಂಡ ಪರಿಹಾರವೆಂದರೆ ಒಂದು ಮಾದರಿ ರೆಪೊಸಿಟರಿ. ಅದರ ಹೆಸರಿನಲ್ಲಿರುವುದು 'ಭಾಷೆ ನಿರ್ಧಾರವಾಗಿಲ್ಲ' ಎಂಬರ್ಥದ ಐಎಸ್‌ಒ ಸಂಕೇತ. ಸಾಮಾನ್ಯ ಕಡತಗಳನ್ನು ಅಲ್ಲಿ ತಿದ್ದಿ, 'ಗಟ್' ಎಂಬ ಸಾಧನದ ಮೂಲಕ ಆ ತಿದ್ದುಪಡಿಯನ್ನು ಎಲ್ಲ ಭಾಷೆಗಳ ರೆಪೊಸಿಟರಿಗಳಿಗೂ ಸೇರಿಸಲಾಗುತ್ತದೆ. ಇದೂ ನಕಲೇ, ಆದರೆ ಮೂಲಪ್ರತಿ ಯಾವುದೆಂಬ ಅರಿವು ಕಳೆದುಹೋಗದ ನಕಲು.

ಇನ್ನೊಂದು ಮಾರ್ಗ ಉಲ್ಲೇಖದ್ದು. ಗಿಟ್‌ಲ್ಯಾಬ್‌ನ 'ಇನ್‌ಕ್ಲೂಡ್', ಗಿಟ್‌ಹಬ್‌ನ ಮರುಬಳಕೆಯ ವರ್ಕ್‌ಫ್ಲೋ ಇವುಗಳಲ್ಲಿ ಯೋಜನೆಯು ಕಾನ್ಫಿಗರೇಶನ್ನನ್ನು ತನ್ನಲ್ಲಿ ಇರಿಸಿಕೊಳ್ಳದೆ ಅದರ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಕೇಂದ್ರದಲ್ಲಿ ಮಾಡಿದ ತಿದ್ದುಪಡಿ ಮರುಕ್ಷಣವೇ ಎಲ್ಲೆಡೆ ಜಾರಿಗೆ ಬರಬಲ್ಲದು. ಅಪಾಯವಿರುವುದೂ ಅಲ್ಲೇ. 2025ರ ಮಾರ್ಚ್‌ನಲ್ಲಿ, 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಉಲ್ಲೇಖಿಸುತ್ತಿದ್ದ 'ಟಿಜೆ-ಆಕ್ಷನ್ಸ್'ನ ಒಂದು ಘಟಕಕ್ಕೆ ದಾಳಿಕೋರರು ಕೈಹಾಕಿದರು. ಆವೃತ್ತಿಯ ಹೆಸರುಗಳು ಹಾಗೆಯೇ ಉಳಿದವು, ಅವು ಸೂಚಿಸುತ್ತಿದ್ದ ಸಂಹಿತೆ ಮಾತ್ರ ಬದಲಾಯಿತು. ಬಿಲ್ಡ್ ದಾಖಲೆಗಳಲ್ಲಿ ಗುಪ್ತಪದಗಳು ಬಯಲಾದವು. ಹೆಸರನ್ನು ನಂಬದೆ, ಹಿಂದಿನ ನಿರ್ದಿಷ್ಟ ಕಮಿಟ್‌ನ ಹ್ಯಾಶ್ ಸಂಖ್ಯೆಯನ್ನೇ ನಮೂದಿಸಿದ್ದ ಯೋಜನೆಗಳು ಪಾರಾದವು. ಹಾಗೆ ನಮೂದಿಸಿದವರಿಗೆ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ. ಪರಿಶೀಲಿಸಿ ಸಂಖ್ಯೆಯನ್ನು ಬದಲಿಸುವ ಶ್ರಮ ಅವರದೇ.

ಆದ್ದರಿಂದ ನಿರ್ಣಯಿಸಬೇಕಾದದ್ದು ಯಾವುದು ಸಾಮಾನ್ಯ, ಯಾವುದು ಸ್ವಂತ ಎಂಬ ಗಡಿಯನ್ನು. ಕಂಪೈಲ್ ಕ್ರಮ, ಪ್ಯಾಕೇಜಿಂಗ್, ಬಿಡುಗಡೆ ಇವು ಸಾಮಾನ್ಯವಾಗಿರಲಿ. ಪದಕೋಶ, ರೂಪಿಮಾ ನಿಯಮ, ಪರೀಕ್ಷೆಯ ಉದಾಹರಣೆಗಳು ಆಯಾ ಭಾಷೆಯವರ ಕೈಯಲ್ಲಿರಲಿ. ಸಾಮಾನ್ಯ ನಿಯಮಕ್ಕೆ ಒಗ್ಗದ ಅಪವಾದವನ್ನು ಮಾದರಿಯ ಕಡತದೊಳಗೆ ಗುಟ್ಟಾಗಿ ತಿದ್ದದೆ, ಪ್ರತ್ಯೇಕ ಕಡತದಲ್ಲಿ ಕಾರಣಸಹಿತ ದಾಖಲಿಸುವುದು ಲೇಸು.

ಬಡಗ ಅಥವಾ ತುಳುವಿಗೆ ಇಂತಹ ಉಪಕರಣಗಳನ್ನು ಕಟ್ಟಹೊರಡುವ ತಂಡದಲ್ಲಿ ಇಬ್ಬರೋ ಮೂವರೋ ಇರಬಹುದು. ಪೈಪ್‌ಲೈನ್ ಹಂಚಿಕೆಯದಾದರೆ ಅವರ ವೇಳೆ ಭಾಷೆಗೇ ಮೀಸಲಾಗುತ್ತದೆ.